ಅನುಬಂಧ ಮೂರರ ಹೆಂಗಸು

ಗುಬ್ಬಿ
6 ಜನವರಿ 2025

ಶಾಂತಲಾ,

ನಾನು ಕ್ಷೇಮವಾಗಿಲ್ಲ. ಕ್ಷೇಮವಾಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ನನ್ನ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವ ಸೌಲಭ್ಯ ಇನ್ನೂ ಬಂದಿಲ್ಲ, ಅದಕ್ಕೇ ಈ ಕಾಗದ.

ಮೊದಲು ಕೆಲಸದ ಮಾತು. ನಿನ್ನ ಆಸ್ಪತ್ರೆಯ ಹೆಂಗಸರ ಸರ್ಜರಿ ವಾರ್ಡಿನಲ್ಲಿ ರಂಗಲಕ್ಷ್ಮಮ್ಮ ಎಂಬ ಎಪ್ಪತ್ತರ ಮುದುಕಿ ಇದ್ದಾರೆ. ಹುತ್ರಿದುರ್ಗದ ಬುಡದ ಹಳ್ಳಿಯವರು. ನನ್ನ ಪಿಎಚ್‌ಡಿಗೆ ಹಾಡು ಕೊಟ್ಟವರು. ಎರಡನೇ ತಾರೀಕು ಬೆಳಗ್ಗೆ ಹುಲ್ಲು ಕೊಯ್ಯುವಾಗ ಕಾಲು ಜಾರಿ ಕುಡುಗೋಲಿನ ಮೇಲೆ ಬಿದ್ದರು ಎಂದು ಅವರ ಮಗ ಜುಂಜಪ್ಪನೇ ಪೊಲೀಸರಿಗೆ ಬರೆಸಿದ್ದಾನೆ. ಕೇಸು ಅಲ್ಲಿಗೆ ಮುಗಿದಿದೆ.

ಶನಿವಾರ ಹೋಗಿ ನೋಡಿದೆ. ಮುಖವೆಲ್ಲ ಕಟ್ಟು. ಕಣ್ಣೆರಡು ಮಾತ್ರ ಕಾಣುತ್ತಿದ್ದವು. ನನ್ನನ್ನು ಕಂಡ ಕೂಡಲೇ ಅವನ್ನೂ ಮುಚ್ಚಿಕೊಂಡರು.

ಹರಿತವಾದ ಆಯುಧ ಮೈಯ ಮೇಲೆ ಹೇಗೆ ಹೋಗುತ್ತದೆ, ಯಾವ ಕೋನದಲ್ಲಿ ಹೋಗುತ್ತದೆ ಎಂದು ಜೀವಮಾನವಿಡೀ ಅಳೆದವಳು ನೀನು. ದಯವಿಟ್ಟು ಒಂದು ಸಲ ಆ ಗಾಯ ನೋಡು. ಬಿದ್ದದ್ದೋ ಬೀಸಿದ್ದೋ, ಅಷ್ಟು ಹೇಳು.

ಇನ್ನು ಹನ್ನೊಂದು ವರ್ಷದ ಹಿಂದಿನ ಆ ಸೆಮಿನಾರು. ಕುಣಿಗಲ್ ಕುದುರೆಗಳ ಗೊರಸಿನ ಮೇಲೊಬ್ಬ, ದುರ್ಗದ ಬಂಡೆಯ ಕಲ್ಲುಹೂವಿನ ಮೇಲೊಬ್ಬಳು, ಹಲಸಿನ ತೊಳೆಯ ಸಕ್ಕರೆಯ ಮೇಲೊಬ್ಬ, ಹಳೇ ನಾಟಕದ ಪರದೆಗಳ ಮೇಲೊಬ್ಬರು. ಎಲ್ಲರೂ ಒಂದೇ ವೇದಿಕೆಯಲ್ಲಿ ಹತ್ತು ಹತ್ತು ನಿಮಿಷ ಮಾತಾಡಿದ ಆ ದಿನ ನಿನ್ನ ಪ್ರಬಂಧವಾದ ಮೇಲೆ ನಾನು ಮೈಕು ಹಿಡಿದು, 'ಗಾಯ ಅಳೆದರೆ ಗೌರವ, ಹೆಣ ಕೊಯ್ದರೆ ಹೆಸರು, ಬದುಕಿದವರ ಹಾಡು ಬರೆದ ನಮಗೆ ಬರೀ ಮೊಸರು' ಎಂದೆ. ಸಭೆ ನಕ್ಕಿತು, ನೀನು ಎದ್ದು ಹೋದೆ. ಪ್ರಾಸ ಸಿಕ್ಕಿತು, ಗೆಳತಿ ಹೋದಳು. ಲೆಕ್ಕ ಹಾಕಿದರೆ ಪ್ರಾಸವೂ ಅಷ್ಟೇನೂ ಚೆನ್ನಾಗಿರಲಿಲ್ಲ.

ಡಾ. ದಯಾನಂದ
(ಕುಣಿಗಲ್ ಹೈಸ್ಕೂಲಿನ ಹತ್ತನೇ ಕ್ಲಾಸಿನಲ್ಲಿ ನಿನ್ನ ಹಿಂದಿನ ಬೆಂಚು)


ಸದಾಶಿವನಗರ, ತುಮಕೂರು
10 ಜನವರಿ 2025

ದಯಾನಂದ,

ಸೆಮಿನಾರಿನ ವಿಷಯ ಬೇಡ.

ನೋಡಿದೆ. ಗಾಯ ಎಡ ಕಿವಿಯ ಬುಡದಿಂದ ತುಟಿಯ ಅಂಚಿನವರೆಗೆ, ಹನ್ನೊಂದು ಸೆಂಟಿಮೀಟರ್. ಕೆಳದವಡೆಯ ಮೂಳೆ ಕಡಿದಿದೆ. ನಾಲಿಗೆಯ ಪಕ್ಕ ಸೀಳಿದೆ. ಮುಖದ ಮೇಲೆ ಒಟ್ಟು ಇಪ್ಪತ್ತೆಂಟು ಹೊಲಿಗೆ. ಕುಡುಗೋಲಿನ ಮೇಲೆ ಬಿದ್ದಿದ್ದರೆ ಗಾಯದ ಒಂದು ತುದಿ ಆಳವಾಗಿ ಇನ್ನೊಂದು ತುದಿ ತೇಲಿರಬೇಕು. ಇಲ್ಲಿ ಉದ್ದಕ್ಕೂ ಒಂದೇ ಆಳ. ಭಾರವಾದ ಅಲಗು, ನೇರ ಏಟು. ಮಚ್ಚು.

ಎಡ ಅಂಗೈಯಲ್ಲಿ ಅಡ್ಡಲಾಗಿ ಎರಡು ಗಾಯ, ಎಂಟು ಹೊಲಿಗೆ. ಬಿದ್ದವರು ನೆಲಕ್ಕೆ ಕೈ ಊರುತ್ತಾರೆ. ಆಕೆ ಕೈಯನ್ನು ಮುಖದ ಮುಂದೆ ಹಿಡಿದಿದ್ದಾರೆ.

ಬೀಸಿದ್ದು. ಎರಡು ಸಲ ತಪ್ಪಿ, ಮೂರನೇ ಸಲ ತಗುಲಿದ್ದು.

ನನ್ನ ವರದಿಯನ್ನು ಪೊಲೀಸರಿಗೆ ಕೊಟ್ಟೆ. ಸಬ್‌ಇನ್‌ಸ್ಪೆಕ್ಟರ್, 'ಮಗನೇ ಬಿದ್ದಳು ಅಂತಾನಲ್ಲಾ ಮೇಡಂ, ನಿಮಗ್ಯಾಕೆ' ಎಂದರು. ಆಕೆಯನ್ನು ಕೇಳಿದೆ, ಯಾರು ಅಂತ ತಲೆ ಆಡಿಸಿಯಾದರೂ ಹೇಳಮ್ಮ ಅಂತ. ಕಣ್ಣು ಮುಚ್ಚಿದರು.

ಹದಿನೈದು ವರ್ಷದಲ್ಲಿ ಇನ್ನೂರ ಹದಿಮೂರು ಮಚ್ಚಿನ ಗಾಯ ನೋಡಿದೀನಿ. ತೋಟದ ಜಗಳ ಆದರೆ ಹೆಗಲಿಗೆ ಹೊಡೀತಾರೆ, ಕುಡಿದ ಜಗಳ ಆದರೆ ಎಲ್ಲೆಂದರಲ್ಲಿ. ಗುರಿಯಿಟ್ಟು ಬಾಯಿಗೆ ಹೊಡೆದದ್ದು ಇದೇ ಮೊದಲು. ಒಬ್ಬ ಮುದುಕಿಯ ಬಾಯಿ ಯಾರಿಗೆ ಬೇಡವಾಗಿತ್ತು? ಮತ್ತೆ, ನಿನ್ನನ್ನು ಕಂಡು ಆಕೆ ಕಣ್ಣು ಯಾಕೆ ಮುಚ್ಚಿದರು?

ಶಾಂತಲಾ


ಗುಬ್ಬಿ
19 ಜನವರಿ 2025

ಶಾಂತಲಾ,

ಪಿಎಚ್‌ಡಿ ಪ್ರಬಂಧಕ್ಕೆ ಮೂರೇ ಓದುಗರು ಎಂದು ನಂಬಿದ್ದೆ: ಬರೆದವನು, ಬೆರಳಚ್ಚು ಮಾಡಿದವನು, ಗೆದ್ದಲು. ನನ್ನದಕ್ಕೆ ನಾಲ್ಕನೆಯವನು ಸಿಕ್ಕ.

ಮೂವತ್ತೆರಡು ವರ್ಷದ ಹಿಂದೆ ಆ ಹಳ್ಳಿಯ ಕೆರೆಗೆ ರಂಗಲಕ್ಷ್ಮಮ್ಮನವರ ಅಣ್ಣ ಸಿದ್ದಯ್ಯ ನೀರುಗಂಟಿಯಾಗಿದ್ದ. ತೂಬು ಎತ್ತಿ ಸರದಿಯಂತೆ ಗದ್ದೆಗೆ ನೀರು ಬಿಡುವ ಕೆಲಸ. ಊರಿನ ಯಜಮಾನ ಹೊನ್ನಯ್ಯ ಸರದಿ ತಪ್ಪಿಸಿ ನೀರು ಕೇಳಿದ. ಸಿದ್ದಯ್ಯ ಕೊಡಲಿಲ್ಲ. ಮಾರನೆಯ ದಿನ ಸಿದ್ದಯ್ಯನ ಹೆಣ ದುರ್ಗದ ಬಂಡೆಯ ಕೆಳಗೆ ಸಿಕ್ಕಿತು. ಜಾರಿ ಬಿದ್ದ ಎಂದು ಊರು ಹೇಳಿತು, ಆ ಮಧ್ಯಾಹ್ನವೇ ಹೊಲದಲ್ಲಿ ಹೂತಿತು. ಆ ಊರಲ್ಲಿ ಜನ ಬಹಳ ಜಾರುತ್ತಾರೆ.

ಅಣ್ಣನಿಗೆ ಮುದ್ದೆ ಒಯ್ದಿದ್ದ ರಂಗಲಕ್ಷ್ಮಮ್ಮ ಎಲ್ಲ ನೋಡಿದ್ದರು. ಆ ಗುಮಾನಿ ಬಂದು ಹೊನ್ನಯ್ಯನ ಕಡೆಯವರು, ಬಾಯಿ ಬಿಟ್ಟರೆ ಮಗನನ್ನು ಕಡಿಯುತ್ತೇವೆ ಎಂದರಂತೆ. ಜುಂಜಪ್ಪನಿಗೆ ಆಗ ಐದು ವರ್ಷ. ಆಕೆ ಬಾಯಿ ಬಿಡಲಿಲ್ಲ, ಹಾಡು ಕಟ್ಟಿದರು. ಇನ್ನೂರ ಹನ್ನೆರಡು ಸಾಲು. ಒಬ್ಬರೇ ಬೀಸುವಾಗ, ಒಬ್ಬರೇ ಒಲೆಯ ಮುಂದೆ ಕೂತಾಗ ಹಾಡಿಕೊಂಡು ಉಳಿಸಿಕೊಂಡರು. 2009ರಲ್ಲಿ ಕಾಲೇಜಿನ ಹಳೇ ಟೇಪ್ ರೆಕಾರ್ಡರ್ ಹೊತ್ತು ಹೋದ ನನ್ನ ಮುಂದೆ ಬಾಗಿಲು ಹಾಕಿ ಹಾಡಿದರು.

ತೂಬಿನ ಕೀಲಿ ಸೊಂಟದಲ್ಲಿ, ತುಂಬಿದ ಕೆರೆಯು ಕಣ್ಣಲ್ಲಿ
ನಿಂತಿದ್ದ ನಮ್ಮಣ್ಣ ಏರೀಲಿ
ಹಿಂದಿಂದ ಬಂದೋನು ಹೊನ್ನಯ್ಯ, ಮುಂದಕೆ ಬಿದ್ದೋನು ಸಿದ್ದಯ್ಯ
ನಾ ಕಂಡೆ ಕಳ್ಳಿಯ ಮರೇಲಿ

ಮೊದ್ಲೇಟು ಬಿತ್ತು ಹೆಗಲೀಗೆ, ಎರಡ್ನೇದು ಬಿತ್ತು ಕೊರಳೀಗೆ
ಮೂರ್ನೇದು ಮೂಳೇಲಿ ಸಿಕ್ಕೈತೆ
ಕಿತ್ತರೂ ಬರದ ಮಚ್ಚಿನ ಮೊನೆ, ಮುರಿದು ಉಳೀತು ಉಗುರಷ್ಟೇನೆ
ಮಣ್ಣಲ್ಲು ಅಣ್ಣನ್ನ ಕಚ್ಚೈತೆ

ನಮ್ಮ ಜಾನಪದದವರಲ್ಲಿ ಒಂದು ಪದ್ಧತಿ. ಪ್ರಬಂಧದ ಕೊನೆಗೆ 'ವಕ್ತೃಗಳ ವಿವರ' ಎಂದು ಒಂದು ಅನುಬಂಧ ಇರಬೇಕು. ಹಾಡಿದವರ ಹೆಸರು, ವಯಸ್ಸು, ಊರು, ಕಸುಬು, ಫೋಟೋ. ಹಾಡು ಅವರದು, ಹೆಸರು ನಮ್ಮದಾಗಬಾರದು ಎಂಬ ಮರ್ಯಾದೆ. ಹಾಡು ಪೂರ್ತಿ ಹಾಕಿದೆ. ಅನುಬಂಧ ಮೂರರಲ್ಲಿ ಆಕೆ ಮನೆ ಬಾಗಿಲಲ್ಲಿ ನಿಂತ ಫೋಟೋ ಹಾಕಿದೆ. ಕೊಂದವನ ಹೆಸರು ಹಾಡಿನಲ್ಲಿ, ನೋಡಿದವಳ ವಿಳಾಸ ಅನುಬಂಧದಲ್ಲಿ.

ಹೋದ ವರ್ಷ ವಿಶ್ವವಿದ್ಯಾಲಯದವರು ಹಳೇ ಪ್ರಬಂಧಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿದರು. ಅಂಜನ್‌ಕುಮಾರ್ ಎಂಬ ಎಂ.ಎ. ವಿದ್ಯಾರ್ಥಿ ತನ್ನ ಅಸೈನ್‌ಮೆಂಟಿಗೆ ನನ್ನ ನಾಲ್ಕನೇ ಅಧ್ಯಾಯ ಕದಿಯಲು ಕೂತ. ಕದಿಯಲು ಬಂದವನಿಗೆ ಅದರಲ್ಲಿ ಅವನ ತಾತ ಸಿಕ್ಕಿದ. ಹೊನ್ನಯ್ಯನ ಮೊಮ್ಮಗ ಅವನು. ಆ ಪುಟಗಳನ್ನು ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದನಂತೆ. ಹುಡುಗ ಹೆದರಿ ನನ್ನ ಹತ್ತಿರ ಬಂದಿದ್ದ. 'ಸರ್, ಇದು ಸುಳ್ಳು ಅಂತ ನೀವು ಹೇಳ್ತೀರ ಅನ್ಕಂಡಿದ್ದೆ' ಎಂದ.

ನಿನ್ನೆ ಬೆಳಗ್ಗೆ ಹಾಲು ತರಲು ಬಾಗಿಲು ತೆಗೆದೆ. ಹೊಸ್ತಿಲ ಮೇಲೆ ಪೊಟ್ಟಣ. ಬಿಚ್ಚಿದರೆ ಮೇಕೆಯ ನಾಲಿಗೆ, ಇನ್ನೂ ಬೆಚ್ಚಗಿತ್ತು. ಸುತ್ತಿದ ಕಾಗದ ನನ್ನ ಪ್ರಬಂಧದ ಜೆರಾಕ್ಸು. ಅಡಿಟಿಪ್ಪಣಿಗಳ ಸಮೇತ.

ದಯಾನಂದ


ಸದಾಶಿವನಗರ, ತುಮಕೂರು
27 ಜನವರಿ 2025

ದಯಾ,

ನಮ್ಮ ರಿಜಿಸ್ಟರಿನಲ್ಲಿ ಆಕೆ 214. ಹೆಸರಿಲ್ಲ, ಊರಿಲ್ಲ, ಫೋಟೋದಲ್ಲಿ ಕಣ್ಣಿಗೆ ಕಪ್ಪು ಪಟ್ಟಿ. ನಾವು ಮನುಷ್ಯರನ್ನು ನಂಬರು ಮಾಡುತ್ತೇವೆ ಎಂದು ನೀನು ಆಡಿಕೊಂಡೆ. ನೀವು ಮರ್ಯಾದೆ ಕೊಡುತ್ತೀರಿ. ನಿಮ್ಮ ಮರ್ಯಾದೆಗೆ ಇಪ್ಪತ್ತೆಂಟು ಹೊಲಿಗೆ ಬಿದ್ದಿವೆ.

ಬೈಗುಳ ಮುಗಿಯಿತು, ಕೇಳು. ಮುರಿದು ಉಳಿದ ಮೊನೆ ಹಾಡಿನ ಅಲಂಕಾರವಲ್ಲದಿದ್ದರೆ ಅದು ಇನ್ನೂ ಅಲ್ಲೇ ಇದೆ. ಕೊರಳ ಮೂಳೆಯಲ್ಲಿ ಸಿಕ್ಕ ಕಬ್ಬಿಣ ಮೂವತ್ತು ವರ್ಷಕ್ಕೆ ತುಕ್ಕಾಗುತ್ತದೆ, ಮಾಯವಾಗುವುದಿಲ್ಲ. ಹೂತದ್ದನ್ನು ತೆಗೆಸಲು ಉಪವಿಭಾಗಾಧಿಕಾರಿಯ ಆದೇಶ ಬೇಕು. ಅದಕ್ಕೆ ಕಣ್ಣಾರೆ ಕಂಡವರ ಮಾತು ಬೇಕು. ಆಕೆಯ ದವಡೆಗೆ ತಂತಿ ಹಾಕಿದೆ. ಕೀವು ಆಗಿದೆ, ಇನ್ನೊಂದು ಆಪರೇಷನ್ ಇದೆ. ತಿಂಗಳುಗಟ್ಟಲೆ ಮಾತಿಲ್ಲ. ನಿನ್ನ ಪ್ರಬಂಧದ ಪುಟ ಸಾಲದು, ಅದು ನಿನ್ನ ಬರವಣಿಗೆ. ಆಕೆಯ ದನಿ ಇರುವ ಮೂಲ ಟೇಪು ಬೇಕು.

ನಿನ್ನೆ ವಾರ್ಡಿಗೆ ಇಬ್ಬರು ಸೇಬು ತಂದಿದ್ದರು. ದವಡೆಗೆ ತಂತಿ ಕಟ್ಟಿಸಿಕೊಂಡವರಿಗೆ ಸೇಬು. ಒಬ್ಬ ಹಾಸಿಗೆಯ ಪಕ್ಕ ಕೂತು, 'ಹೆಂಗಿದೀಯಮ್ಮ, ಬೇಗ ಊರಿಗೆ ಬಾ' ಎಂದು ಚಾಕುವಿನಿಂದ ಸಿಪ್ಪೆ ತೆಗೆಯುತ್ತ ಅರ್ಧ ಗಂಟೆ ಇದ್ದನಂತೆ. ನರ್ಸ್ ಹೇಳಿದರು. ಇನ್ನೊಂದೆರಡು ತಿಂಗಳಲ್ಲಿ ಆಕೆಯನ್ನು ಊರಿಗೆ ಕಳಿಸಲೇಬೇಕಾಗುತ್ತದೆ. ಕೇಸಿಲ್ಲದೆ ಕಾವಲಿಲ್ಲ. ಕಾವಲಿಲ್ಲದೆ ಕಳಿಸಿದರೆ ಮುಂದಿನ ಸಲ ನನ್ನ ವಿಭಾಗದ ಶವಾಗಾರಕ್ಕೇ ನೇರ ಬರುತ್ತಾರೆ, ಕಟ್ಟಿಲ್ಲದೆ.

ಸೋಮವಾರ ಟೇಪು ತಾ.

ಶಾಂತಲಾ


ಗುಬ್ಬಿ
14 ಫೆಬ್ರವರಿ 2025

ಶಾಂತಲಾ,

ಸೋಮವಾರ ಇಂಟರ್ನಲ್ಸ್ ಇತ್ತು. ಅದರ ಮುಂದಿನ ಸೋಮವಾರ ಪ್ರಿನ್ಸಿಪಾಲರು ಸಭೆ ಕರೆದರು. ಟೇಪು ಹುಡುಕಿದೆ, ಸಿಕ್ಕಿತು, ಆದರೆ ಬೂಸು ಹಿಡಿದಿದೆ. ಬಿಳೀ ಚುಕ್ಕೆ ಚುಕ್ಕೆ. ಹಾಕಿದರೆ ಹರಿದುಹೋಗುತ್ತದೆ ಎಂಬ ಭಯ.

ದಯಾನಂದ


ಸದಾಶಿವನಗರ
17 ಫೆಬ್ರವರಿ 2025

ದಯಾ,

ಬೂಸಿನ ಮೇಲೆ ಸಂಶೋಧನೆ ಮಾಡುವ ಭೂಮಿಕಾ ಎಂಬವಳು ನನ್ನ ಸ್ನೇಹಿತೆ. ಹಳೇ ಕಾಗದ, ಹಳೇ ಫಿಲ್ಮು, ಹಳೇ ಟೇಪಿನ ಮೇಲೆ ಬೆಳೆಯುವ ಬೂಸಿಗೇ ಅವಳು ಆರು ವರ್ಷ ಕೊಟ್ಟಿದ್ದಾಳೆ. ನೀನು ಅವಳನ್ನೂ ಆ ಸೆಮಿನಾರಿನಲ್ಲಿ ನಗಿಸಿದ್ದೆಯಂತೆ. ಟೇಪು ಕೊಟ್ಟರೆ ಎರಡು ದಿನದಲ್ಲಿ ಒರೆಸಿಕೊಡುತ್ತಾಳೆ.

ಈಗ ಎರಡನೇ ನೆಪ ಹೇಳು.

ಹೇಳುವ ಮೊದಲು ಇದು ತಿಳಿದಿರಲಿ. ನಿನ್ನ ಪ್ರಬಂಧವನ್ನು ನಾನೂ ಇಳಿಸಿಕೊಂಡೆ. ನಿನ್ನ ಐದನೇ ಓದುಗಾರ್ತಿ. ಪುಟ 341, ಅನುಬಂಧ ಮೂರು. ಆಕೆಯ ಹೆಸರಿನ ಹಿಂದೆ ಒಂದು ಪದ ಇದೆ. ಅದನ್ನು ನಾನು ಬರೆಯುವುದಿಲ್ಲ. ನೀನೇ ಬರೆ, ಯಾಕೆ ಅಂತಲೂ ಬರೆ.

ಶಾಂತಲಾ


ಗುಬ್ಬಿ
2 ಮಾರ್ಚ್ 2025

ಶಾಂತಲಾ,

ಆ ಪದ 'ದಿವಂಗತ'.

ಟೇಪಿನಲ್ಲಿ ಹಾಡು ಮುಗಿದ ಮೇಲೆ ನಾಲ್ಕು ನಿಮಿಷ ಮಾತಿದೆ. ಬೂಸು ಹಿಡಿದದ್ದು ನಿಜ. ಆದರೆ ಈ ನಾಲ್ಕು ನಿಮಿಷವನ್ನೂ ಅದು ತಿಂದಿರಲಿ ಎಂದು ಹದಿನೈದು ದಿನ ಹಾರೈಸಿದ್ದೂ ನಿಜ. ತಿಂದಿಲ್ಲ. ನಿನ್ನೆ ಧೈರ್ಯ ಮಾಡಿ ಹಾಕಿ ಕೇಳಿದೆ.

'ಲೇ ಮಗ, ಇದ ಈಗ್ಲೇ ಅಚ್ಚಾಕ್ಸ್‌ಬ್ಯಾಡ ಕಣಪ್ಪ. ನಾನ್ ಸತ್ಮೇಲೆ ಏನಾರ ಮಾಡ್ಕೊ. ನಾನ್ ಬದುಕಿರಗಂಟ ನನ್ ಮಗನ್ ತಲೆ ಮೇಲೆ ಮಚ್ಚೈತೆ.'

'ಆಯ್ತಮ್ಮ.'

'ಆಯ್ತು ಅಂದ್ರೆ ಆಗಕಿಲ್ಲ. ನಿನ್ ಪೆಟ್ಗೆ ಮುಟ್ಟಿ ಹೇಳು.'

ಮುಟ್ಟಿದೆ. ಮುಟ್ಟಿದ ಸದ್ದೂ ಟೇಪಿನಲ್ಲಿದೆ. ಟಕ್.

ನಾಲ್ಕು ವರ್ಷ ಮಾತು ಉಳಿಸಿಕೊಂಡೆ. 2013ರಲ್ಲಿ ನನ್ನ ಅವಧಿ ಮುಗಿಯುತ್ತ ಬಂತು. ಮಾರ್ಗದರ್ಶಕರು, 'ಕೊನೆಯಿಲ್ಲದ ಹಾಡಿಗೆ ಪದವಿ ಸಿಗಲ್ಲ ದಯಾನಂದ, ಪೂರ್ತಿ ಪಠ್ಯ ಹಾಕು' ಎಂದರು. ಆಕೆ ಇದ್ದಾರೋ ಇಲ್ಲವೋ ನೋಡಿಬರಲು ಗುಬ್ಬಿಯಿಂದ ಮೂರು ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಹೋಗಿ ನೋಡಿದರೆ ಇದ್ದುಬಿಟ್ಟಾರು ಎಂಬ ಭಯ. ಹೆಸರಿನ ಹಿಂದೆ 'ದಿವಂಗತ' ಎಂದು ಸೇರಿಸಿದೆ. ಸತ್ತ ಮೇಲೆ ಅಚ್ಚು ಹಾಕಿಸು ಎಂದಿದ್ದರಲ್ಲ? ನಾಲ್ಕು ಅಕ್ಷರದಲ್ಲಿ ಆಕೆಯನ್ನು ಕೊಂದು, ಕೊಟ್ಟ ಮಾತಿಗೆ ತಪ್ಪದವನಾದೆ. ಅಣ್ಣನಿಗೆ ಮೂರು ಏಟು ಬೇಕಾಯಿತು, ತಂಗಿಗೆ ಒಂದು ಪದ ಸಾಕಾಯಿತು. ನೋಡು, ಇಲ್ಲೂ ನನಗೆ ಚಂದವಾಗಿ ಬರೆಯುವ ಚಟ.

ಜನವರಿಯಲ್ಲಿ ಹೊನ್ನಯ್ಯನ ದೊಡ್ಡ ಮಗ ಆಕೆಯ ಮನೆಗೆ ಹೋದಾಗ ಮೊದಲು ಏನಂದ ಅಂತ ಅಂಜನ್‌ಕುಮಾರ್ ಹೇಳಿದ. 'ಪುಸ್ತಕದಾಗೆ ನೀನು ಸತ್ತಿದೀಯಲ್ಲಮ್ಮ, ಇನ್ಯಾಕೆ ಓಡಾಡ್ತಿದೀಯ?'

ಟೇಪು ಕೊಟ್ಟರೆ ಆ ನಾಲ್ಕು ನಿಮಿಷವನ್ನೂ ಕೇಳುತ್ತಾರೆ. ಪೊಲೀಸರು, ಕೋರ್ಟು, ವಿಶ್ವವಿದ್ಯಾಲಯ. ಪದವಿ ಹೋಗುತ್ತದೆ, ಪದವಿಯ ಮೇಲೆ ನಿಂತ ಕೆಲಸವೂ ಹೋಗುತ್ತದೆ. ನಲವತ್ತೈದಕ್ಕೆ ನಾನು ಬೇರೇನು ಮಾಡಲಿ? ಹಾಡು ಮುಗಿಯುವಲ್ಲಿಗೆ ಟೇಪು ಕತ್ತರಿಸಿ ಕೊಟ್ಟರೆ ಆಗದೇ?

ದಯಾನಂದ


ಸದಾಶಿವನಗರ
7 ಮಾರ್ಚ್ 2025

ದಯಾ,

ಆಗುತ್ತದೆ ಎಂದು ನನ್ನ ಬಾಯಲ್ಲಿ ಕೇಳಲು ಬರೆದಿದ್ದೀಯ. ಹೇಳುವುದಿಲ್ಲ. ಕತ್ತರಿಸಿದ ಟೇಪು ಕೋರ್ಟಿನಲ್ಲಿ ನಿಲ್ಲದು, ಅದು ಒಂದು. ಇನ್ನೊಂದು, ಕತ್ತರಿಸುವುದನ್ನು ನಾನು ಸಾಕಷ್ಟು ನೋಡಿದ್ದೇನೆ.

ಒಂದು ಮಾತು ಕೊಡುತ್ತೇನೆ. ಟೇಪು ನನ್ನ ಕೈಗೆ ಬಂದ ಮೇಲೆ ಮೊದಲು ಆಕೆಗೇ ಕೇಳಿಸುತ್ತೇನೆ. ಪೂರ್ತಿ. ಆಕೆ ಬೇಡ ಅಂದರೆ ಯಾರಿಗೂ ಕೊಡುವುದಿಲ್ಲ, ಮೊನೆ ಮಣ್ಣಿನಲ್ಲೇ ಇರಲಿ. ನೀನು ಹನ್ನೆರಡು ವರ್ಷದ ಹಿಂದೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗಲಾದರೂ ಯಾರಾದರೂ ಕೇಳಬೇಕು.

ಇಪ್ಪತ್ತೈದರಂದು ಆಕೆಯನ್ನು ಡಿಸ್‌ಚಾರ್ಜ್ ಮಾಡುತ್ತಾರೆ. ಜುಂಜಪ್ಪ ಹೊನ್ನಯ್ಯನ ಜೀಪಿನಲ್ಲಿ ಕರೆದೊಯ್ಯಲು ಬರುತ್ತಾನಂತೆ. ಯಾವ ಮಗನ ತಲೆ ಉಳಿಸಲು ಮೂವತ್ತೆರಡು ವರ್ಷ ಬಾಯಿ ಕಟ್ಟಿಕೊಂಡರೋ ಆ ಮಗ.

ಶಾಂತಲಾ


ಮೈಸೂರು, ತಂಗಿಯ ಮನೆ
30 ಮಾರ್ಚ್ 2025

ಶಾಂತಲಾ,

ಅಕ್ಷರ ಸೊಟ್ಟ. ಎಡಗೈ. ಕ್ಷಮಿಸು.

ಇಪ್ಪತ್ತೊಂದು, ಶುಕ್ರವಾರ. ಹಗಲು ಹನ್ನೊಂದು ಗಂಟೆ. ಎನ್‌ಎಸ್‌ಎಸ್ ಕ್ಯಾಂಪಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಬಿದರೆಹಳ್ಳಿ ಕಾವಲ್ ಹತ್ತಿರ, ಹೆಲಿಕಾಪ್ಟರ್ ಫ್ಯಾಕ್ಟರಿಯ ಕಾಂಪೌಂಡಿನ ಪಕ್ಕ, ಜೀಪು ಅಡ್ಡ ಬಂತು. ಮೂವರು. ಚೀಲ ಕಿತ್ತುಕೊಂಡರು. ಹಾಡು ಟೇಪಿನಲ್ಲಿದೆ ಎಂದು ಪ್ರಬಂಧದಲ್ಲೇ ಓದಿದ್ದರು. ಕ್ಯಾಸೆಟ್ ತೆಗೆದು ಕಲ್ಲಲ್ಲಿ ಜಜ್ಜಿದರು. ರೀಲು ಎಳೆದು ಬೆಂಕಿ ಕೊಟ್ಟರು.

ಹೊನ್ನಯ್ಯನ ದೊಡ್ಡ ಮಗ ಕೇಳಿದ. 'ಬರೆಯೋ ಕೈ ಯಾವುದು ಮೇಷ್ಟ್ರೇ?' ಮರ್ಯಾದೆಯಿಂದಲೇ ಕೇಳಿದ. ನಾನು ಹೇಳಲಿಲ್ಲ. ಜೇಬಿನಲ್ಲಿ ಪೆನ್ನು ಎತ್ತ ಇದೆ ನೋಡಿ ಅವನೇ ತೀರ್ಮಾನ ಮಾಡಿದ. ಇಬ್ಬರು ಕೈಯನ್ನು ಸ್ಕೂಟರ್ ಸೀಟಿನ ಮೇಲೆ ಒತ್ತಿ ಹಿಡಿದರು. ಒಂದೇ ಏಟು. ಹೆಬ್ಬೆರಳು, ಕಿರುಬೆರಳು ಉಳಿದಿವೆ. ನಡುವಿನ ಮೂರು ಸೀಟಿನ ಮೇಲೇ ಉಳಿದವು. ಮೇಲೆ ಹೆಲಿಕಾಪ್ಟರ್ ಸದ್ದು. ನಾನು ಕೂಗಿದ್ದು ನನಗೇ ಕೇಳಲಿಲ್ಲ.

ಕೋನ ಎಷ್ಟು ಎಂದು ಕೇಳಬೇಡ. ಅಳೆಯಲಿಲ್ಲ.

ಟೇಪು ಸುಟ್ಟಿಲ್ಲ. ಇಪ್ಪತ್ತನೇ ತಾರೀಕೇ ರಿಜಿಸ್ಟರ್ಡ್ ಅಂಚೆಯಲ್ಲಿ ನಿನಗೆ ಕಳಿಸಿದೆ. ಪೂರ್ತಿ, ನಾಲ್ಕು ನಿಮಿಷದ ಸಮೇತ. ಚೀಲದಲ್ಲಿ ಇದ್ದದ್ದು ಆ ಸೆಮಿನಾರಿನ ಕ್ಯಾಸೆಟ್. ನನ್ನ ಮಾತು ನಾನೇ ಕೇಳಿ ಖುಷಿಪಡಲು ಅವತ್ತು ರೆಕಾರ್ಡ್ ಮಾಡಿಕೊಂಡಿದ್ದೆ. ನಿನ್ನ ಮುಂದೆ ಒಡೆದುಹಾಕೋಣ ಎಂದು ಇಟ್ಟುಕೊಂಡಿದ್ದೆ. ಅವರೇ ಒಡೆದರು. ಅಷ್ಟರಮಟ್ಟಿಗೆ ಉಪಕಾರ.

ದಯಾ


ಸದಾಶಿವನಗರ
6 ಏಪ್ರಿಲ್ 2025

ದಯಾ,

ಟೇಪು ಇಪ್ಪತ್ತೆರಡಕ್ಕೇ ಬಂತು. ಭೂಮಿಕಾ ಒರೆಸಿದಳು. ನಿನ್ನ ಸುದ್ದಿ ಪೇಪರಿನಲ್ಲಿ ಓದಿದೆ. 'ಉಪನ್ಯಾಸಕನ ಮೇಲೆ ಹಲ್ಲೆ, ವೈಯಕ್ತಿಕ ದ್ವೇಷ ಶಂಕೆ' ಎಂದು ಎರಡು ಸಾಲು. ಫೋನ್ ಮಾಡಿದೆ, ನಿನ್ನ ತಂಗಿ ತೆಗೆದರು. ನೀನು ನಿದ್ದೆಯಲ್ಲಿದ್ದೆ. ಅನ್‌ಬ್ಲಾಕ್ ಮಾಡಿದ್ದೇನೆ, ಆದರೂ ಇದನ್ನು ಕಾಗದದಲ್ಲೇ ಬರೆಯಬೇಕು ಅನ್ನಿಸಿತು.

ಇಪ್ಪತ್ತನಾಲ್ಕನೇ ತಾರೀಕು, ಜೀಪು ಬರುವ ಹಿಂದಿನ ದಿನ, ಟೇಪನ್ನು ಆಕೆಯ ತಲೆದಿಂಬಿನ ಪಕ್ಕ ಇಟ್ಟು ಹಾಕಿದೆ. ಜುಂಜಪ್ಪನೂ ಅಲ್ಲೇ ಇದ್ದ. ಎದ್ದು ಹೋಗಲು ನೋಡಿದ, ಆಕೆ ಅವನ ಅಂಗಿ ಹಿಡಿದು ಕೂರಿಸಿದರು. ತನ್ನ ದನಿ ತಾನೇ ಕೇಳಿ ಆಕೆಗೆ ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ತೊಡೆಯ ಮೇಲೆ ಬೆರಳಿಂದ ತಾಳ ಹಾಕಿದರು. ಮೂರನೇ ಏಟಿನ ಸಾಲು ಬಂದಾಗ ತಾಳ ನಿಂತಿತು. ಜುಂಜಪ್ಪ ಗೋಡೆಗೆ ತಲೆ ಚಚ್ಚಿಕೊಂಡ. 'ಇಷ್ಟ್ ವರ್ಸ ನಂಗ್ಯಾಕ್ ಹೇಳ್ಲಿಲ್ವಮ್ಮ' ಎಂದು ಅತ್ತ. ಅವನಿಗೆ ಮಾವ ಜಾರಿ ಬಿದ್ದದ್ದಷ್ಟೇ ಗೊತ್ತಿತ್ತಂತೆ. ತಾಯಿ ಜಾರಿ ಬಿದ್ದದ್ದು ಸುಳ್ಳೆಂದು ಮಾತ್ರ ಗೊತ್ತಿತ್ತು. ಬರೆಸಿದ್ದು ಹೆಂಡತಿ ಮಕ್ಕಳಿಗೆ ಏನಾದೀತೋ ಎಂಬ ಹೆದರಿಕೆಯಿಂದ.

ನಾಲ್ಕು ನಿಮಿಷವೂ ಬಂತು. ಟಕ್ ಎಂಬ ಸದ್ದೂ ಬಂತು. ಆಕೆ ಕಣ್ಣು ಮುಚ್ಚಲಿಲ್ಲ. ಛಾವಣಿ ನೋಡುತ್ತಿದ್ದರು.

'ಪೊಲೀಸರಿಗೆ ಕೊಡಲಾ ಬೇಡವಾ? ನೀವು ಹೇಳಿದ ಹಾಗೆ' ಎಂದೆ. ಹೆಬ್ಬೆರಳು ಎತ್ತಿ ತೋರಿಸಿದರು. ಇಂಕ್ ಪ್ಯಾಡ್ ತಂದೆ. ಒಪ್ಪಿಗೆ ಪತ್ರ ಓದಿ ಹೇಳಿದೆ. ಹದಿನೈದು ವರ್ಷದಲ್ಲಿ ಸಾವಿರ ಹೆಬ್ಬೆಟ್ಟು ಹಾಕಿಸಿದ್ದೇನೆ, ಹೀಗೆ ಒತ್ತಿದವರನ್ನು ಕಂಡಿಲ್ಲ. ಕಾಗದ ಹರಿಯಿತು. ಇನ್ನೊಂದು ಪ್ರತಿ ತೆಗೆಸಬೇಕಾಯಿತು. ಹರಿದದ್ದನ್ನು ನಾನೇ ಇಟ್ಟುಕೊಂಡಿದ್ದೇನೆ.

ಮಾರನೆಯ ದಿನ ಜೀಪು ಬಂದಾಗ ವಾರ್ಡಿನ ಬಾಗಿಲಲ್ಲಿ ಇಬ್ಬರು ಪೇದೆಗಳಿದ್ದರು. ಜುಂಜಪ್ಪ ಅವರ ಮುಂದೆ ನಿಂತಿದ್ದ. 'ನಮ್ಮವ್ವ ಬರಕಿಲ್ಲ, ಓಗ್ರಲೇ' ಎಂದನಂತೆ.

ಶಾಂತಲಾ


ಸದಾಶಿವನಗರ
21 ಮೇ 2025

ದಯಾ,

ಮೊನ್ನೆ ಅಗೆದರು. ಸಾಕ್ಷಿ ನನಗೆ ಗೊತ್ತಿರುವವನು ಅಂತ ಹೇಳಿ ನಾನು ದೂರ ನಿಂತೆ. ತಂಡ ಹೊರಗಿನಿಂದ ಬಂದಿತ್ತು. ಬೆಳಗ್ಗೆ ಎಂಟಕ್ಕೇ ಬಿಸಿಲು. ಊರೆಲ್ಲ ಹೊಲದ ಬದುವಿನ ಮೇಲೆ ನಿಂತಿತ್ತು. ಹೊನ್ನಯ್ಯ ಬರಲಿಲ್ಲ. ಎಪ್ಪತ್ತಾರು ವಯಸ್ಸಿನವರು, ಎದೆನೋವು ಎಂದು ಮಲಗಿದ್ದರು.

ನಾಲ್ಕೂವರೆ ಅಡಿಗೆ ಮೂಳೆ ಸಿಕ್ಕಿತು. ಹೆಗಲ ಮೂಳೆಯಲ್ಲಿ ಒಂದು ಕಚ್ಚು. ಕೊರಳ ನಾಲ್ಕನೇ ಮೂಳೆಯಲ್ಲಿ ಒಂದು. ಐದನೆಯದರಲ್ಲಿ ತುಕ್ಕಿನ ಗಡ್ಡೆ. ಎಕ್ಸ್-ರೇ ಮಾಡಿದರು. ಒಳಗೆ ಮಚ್ಚಿನ ಮೊನೆ, ಹದಿನೆಂಟು ಮಿಲಿಮೀಟರ್. ಆ ಅಳತೆಯನ್ನು ಸ್ಕೇಲಿನಲ್ಲಿ ನನ್ನ ಹೆಬ್ಬೆರಳ ಉಗುರಿಗೆ ಹಿಡಿದು ನೋಡಿದೆ. ಸರಿಯಾಗಿ ಅಷ್ಟೇ.

ಏಟು ಬಿದ್ದ ಜಾಗಗಳೂ ಹಾಡಿನವೇ. ಹೆಗಲು, ಕೊರಳು, ಮೂಳೆ. ಕಳ್ಳಿಯ ಮರೆಯಲ್ಲಿ ನಿಂತು, ಕೈಯಲ್ಲಿ ಮುದ್ದೆಯ ತಟ್ಟೆ ಹಿಡಿದುಕೊಂಡು, ಆಕೆ ನನಗಿಂತ ಚೆನ್ನಾಗಿ ನೋಡಿದ್ದರು. ಮೂವತ್ತೆರಡು ವರ್ಷ ಒಂದು ಸಂಖ್ಯೆಯೂ ಕೆಡದಂತೆ ಇಟ್ಟುಕೊಂಡಿದ್ದರು. ನಮ್ಮ ಯಾವ ರಿಜಿಸ್ಟರಿಗೂ ಆ ಗ್ಯಾರಂಟಿ ಇಲ್ಲ.

ಹೊನ್ನಯ್ಯ ಮತ್ತು ದೊಡ್ಡ ಮಗನನ್ನು ಕರೆದೊಯ್ದರು. ನಿನ್ನ ಕೈ ಒತ್ತಿ ಹಿಡಿದಿದ್ದ ಉಳಿದಿಬ್ಬರನ್ನು ಹುಡುಕುತ್ತಿದ್ದಾರೆ. ಅಂಜನ್‌ಕುಮಾರ್ ಹೇಳಿಕೆ ಕೊಟ್ಟಿದ್ದಾನೆ. ಮನೆಯವರು ಅವನನ್ನು ಹೊಡೆದು ಹೊರಗೆ ಹಾಕಿದ್ದಾರೆ, ಹಲ್ಲು ಎರಡು ಹೋಗಿವೆ.

ವಿಶ್ವವಿದ್ಯಾಲಯದಿಂದ ನಿನಗೆ ನೋಟಿಸು ಬಂದಿರುತ್ತದೆ. ಆಕೆಯ ದವಡೆಯ ತಂತಿ ಈ ವಾರ ಬಿಚ್ಚುತ್ತಾರೆ. ಬಾ. ನನಗೋಸ್ಕರ ಅಲ್ಲ.

ಶಾಂತಲಾ


ಗುಬ್ಬಿ
9 ಜೂನ್ 2025

ಶಾಂತಲಾ,

ನೀನು ಅವತ್ತು ಕೋರ್ಟಿಗೆ ಹೋಗಿದ್ದೆ, ನಾನು ವಾರ್ಡಿಗೆ ಹೋದೆ. ಹೇಗಾಯಿತು ಎಂದು ನಿನಗೆ ಬರೆಯಲೇಬೇಕು. ಪದವಿ ಹೋಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೋಟಿಸಿನಲ್ಲಿ 'ಡಾ.' ಹಾಕಿದ್ದರು, ಆದೇಶದಲ್ಲಿ ಹಾಕಿಲ್ಲ. ಕೆಲಸದ ವಿಚಾರಣೆ ಮುಂದಿನ ತಿಂಗಳು.

ಆಕೆ ಹಾಸಿಗೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ಜುಂಜಪ್ಪ ಲೋಟ ಹಿಡಿದಿದ್ದ. ಕೆನ್ನೆಯ ಮೇಲೆ ಗಾಯ ಒಣಗಿ ಹಗ್ಗದಂತೆ ಉಬ್ಬಿದೆ, ತುಟಿ ಒಂದು ಕಡೆಗೆ ಎಳೆದುಕೊಂಡಿದೆ. ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತ ಹೇಳಬೇಕಾದ್ದನ್ನೆಲ್ಲ ಕಟ್ಟಿಕೊಂಡಿದ್ದೆ. ಒಂದೂ ಬರಲಿಲ್ಲ. ಪ್ರಾಸ ಅಂತೂ ಅಪ್ಪಿತಪ್ಪಿಯೂ ಬರಲಿಲ್ಲ. ಹಾಸಿಗೆಯ ಮುಂದೆ ನಿಂತೆ.

ಆಕೆ ಜುಂಜಪ್ಪನ ಕಡೆ ನೋಡಿದರು. ಅವನು ಲೋಟ ತೆಗೆದುಕೊಂಡು ಪಕ್ಕಕ್ಕೆ ಸರಿದ. ನನಗೆ ಹತ್ತಿರ ಬಾ ಎಂದು ಸನ್ನೆ ಮಾಡಿದರು. ಹೋದೆ. ಬಗ್ಗು ಎಂದು ಸನ್ನೆ ಮಾಡಿದರು. ಕಿವಿಯಲ್ಲಿ ಏನೋ ಹೇಳುತ್ತಾರೆ ಎಂದುಕೊಂಡು ಬಗ್ಗಿದೆ.

ಬಾರಿಸಿದರು. ಎಂಟು ಹೊಲಿಗೆಯ, ಕೀವಾಗಿ ಇನ್ನೂ ಮಾಯದ ಎಡ ಅಂಗೈಯಲ್ಲಿ, ಪೂರ್ತಿ ಬಲ ಹಾಕಿ. ಕನ್ನಡಕ ಹಾರಿ ಪಕ್ಕದ ಮಂಚದ ಕೆಳಗೆ ಹೋಯಿತು. ಇಡೀ ವಾರ್ಡು ತಿರುಗಿತು. ನರ್ಸ್ ಓಡಿ ಬಂದರು. ಬಾಯಲ್ಲಿ ರಕ್ತದ ರುಚಿ, ಆಕೆಯದಲ್ಲ, ನನ್ನದೇ. ಆಕೆಯ ಅಂಗೈ ಮತ್ತೆ ಒಡೆದು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ. ಕಾಲು ಮಡಚಿ ಜಾಗ ಬಿಟ್ಟು, ಹಾಸಿಗೆಯ ಅಂಚನ್ನು ತಟ್ಟಿದರು. ಕೂತೆ.

ಬೆರಳಿಲ್ಲದ ನನ್ನ ಕೈ ನೋಡಿದರು. ತಿರುಗಿಸಿ ಎರಡೂ ಕಡೆ ನೋಡಿದರು, ಸಂತೆಯಲ್ಲಿ ಎತ್ತಿನ ಗೊರಸು ನೋಡುವ ಹಾಗೆ. ಆಮೇಲೆ ಬಾಯಿ ತೆರೆದರು. ಐದು ತಿಂಗಳು ಕಟ್ಟಿಟ್ಟಿದ್ದ ದವಡೆ, ಸೀಳಿದ ನಾಲಿಗೆ, ಮಾತು ಕಲ್ಲಿನ ಮೇಲೆ ಗಾಡಿ ಎಳೆದಂತೆ ಬಂತು. ಒಂದೊಂದು ಅಕ್ಷರವೂ ಬೇರೆ ಬೇರೆ ಬಂತು. ಜುಂಜಪ್ಪ ಬಿಡಿಸಿ ಹೇಳಲು ಬಾಯಿ ತೆರೆದ, ಆಕೆ ಕೈ ಎತ್ತಿ ತಡೆದರು. ಬೇಕಿರಲಿಲ್ಲ. ನನಗೆ ಸರಿಯಾಗಿ ಕೇಳಿಸಿತ್ತು.

'ಬರ್ಕಳ್ಳಾ. ನಾನಿನ್ನೂ ಸತ್ತಿಲ್ಲ.'

ಎಡಗೈಯಲ್ಲಿ ಬರೆದುಕೊಂಡೆ.

ದಯಾನಂದ